ಗಾಳಿ ಬಡಿಸಿದ ಊಟ

ಗ್ಡಿನ್ಯಾ ಬಂದರಿನಲ್ಲಿ
ನಲವತ್ತು ಮೀಟರು ಮೇಲೆ, ಗಾಜಿನ ಗೂಡೊಳಗೆ
ಗ್ರಾಝಿನಾ ಕ್ರೇನು ನಡೆಸುತ್ತಾಳೆ.
ಬಲಗೈಯಲ್ಲಿ ಹಿಡಿಕೆ, ಎಡಗೈಯಲ್ಲಿ ಬನ್ನು,
ಕಣ್ಣು ಕೆಳಗೆ ತೂಗುವ ಕಂಟೇನರಿನ ಮೇಲೆ.
ಹಲ್ಲಿಗೂ ನಾಲಿಗೆಗೂ ಪರಿಚಯವಾಗುವ ಮೊದಲೇ
ತುತ್ತು ಇಳಿದಿರುತ್ತದೆ.
ಇಪ್ಪತ್ತೆರಡು ವರ್ಷ ಹೀಗೇ.
ತಿಂದದ್ದು ಗೊತ್ತಾಗುತ್ತಿದ್ದುದು
ಮಡಿಲಲ್ಲಿ ಉಳಿದ ಚೂರುಗಳಿಂದ.

ಮೊನ್ನೆ ಡಾಕ್ಟರು ಚೀಟಿಯಲ್ಲಿನ ಒಂದು ಸಂಖ್ಯೆಗೆ
ಎರಡು ಸಲ ಗೆರೆ ಎಳೆದರು.
ಊಟಕ್ಕೆ ಎಷ್ಟು ಹೊತ್ತು ಕೂರುತ್ತೀರಿ?
ಅವಳು ಗೋಡೆಯ ಗಡಿಯಾರ ನೋಡಿದಳು,
ಉತ್ತರ ಅಲ್ಲಿ ಸಿಗುವಂತೆ.

ಇಂದು ಗಾಳಿ ಎದ್ದಿದೆ.
ಕೆಲಸ ನಿಲ್ಲಿಸಿ, ಲಿಫ್ಟೂ ಬಂದ್,
ಅಲ್ಲೇ ಇರಿ, ಎಂದಿತು ರೇಡಿಯೋ.
ಕೊಕ್ಕೆ ಬರಿದೇ ತೂಗುತ್ತಿದೆ.
ಕೈಗೆ ಬೇರೆ ಕೆಲಸವಿಲ್ಲ. ಡಬ್ಬಿ ತೆರೆದಳು:
ಬೇಯಿಸಿದ ಜವೆ, ಬೀಟ್ರೂಟು, ಅರ್ಧ ಮೊಟ್ಟೆ,
ಉಪ್ಪುನೀರಲ್ಲಿ ನೆನೆದ ಎಳೆ ಸೌತೆ.
ನಿನ್ನೆ ರಾತ್ರಿ ತಾನೇ ಕಟ್ಟಿದ್ದು,
ಡಾಕ್ಟರನ್ನು ಬೈಯುತ್ತ.

ಮೊದಲ ತುತ್ತು ಹಳೇ ದಾರಿ ಹಿಡಿದು ಓಡಿತು.
ಎರಡನೆಯದನ್ನು ತಡೆದು ನಿಲ್ಲಿಸಿದಳು.
ಅಗಿದಂತೆ ಜವೆ ಸಿಹಿಯಾಯಿತು;
ಸಕ್ಕರೆಯದಲ್ಲ, ಬೇರೆ ಸಿಹಿ,
ಕಾದವರಿಗೆ ಮಾತ್ರ ಬರುವಂಥದ್ದು.
ಬೀಟ್ರೂಟಿನಲ್ಲಿ ಮಣ್ಣಿನ ರುಚಿಯಿತ್ತು.
ನೆಲ ಬಿಟ್ಟು ಇಷ್ಟೆತ್ತರ ಕೂತವಳಿಗೆ
ನೆಲ ಬಾಯಿಗೆ ಬಂದದ್ದು ಇದೇ ಮೊದಲು.

ಅರ್ಧ ಡಬ್ಬಿಗೆ ಹೊಟ್ಟೆ ಏನೋ ಅಂದಿತು, ಮೆಲ್ಲಗೆ.
ಅದಕ್ಕೊಂದು ದನಿಯಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.
ಮುಚ್ಚಳ ಹಾಕಿದಳು.
ಮತ್ತೆ ತೆಗೆದು ಸೌತೆಯೊಂದನ್ನು ತಿಂದಳು,
ಅದು ಬೇರೆ ಮಾತು.

ಗಾಳಿ ಇಳಿಯಿತು. ಹಡಗು ಕಾಯುತ್ತಿದೆ,
ರೇಡಿಯೋ ಎರಡು ಸಲ ಅವಳ ಹೆಸರು ಕೂಗಿತು.
ತಡೆಯಿರಿ, ಎಂದಳು ಗ್ರಾಝಿನಾ,
ಬಾಯಲ್ಲಿದೆ.