ಕುರಿದೊಗಲು

ಅವಧ್ ಸೀಮೆಯ ಒಂದು ಹಳ್ಳಿ, 1844, ಮಾಘ ಮಾಸ

ಬೇವಿನ ಬುಡದಲ್ಲಿ ಕೂತಿದ್ದಾನೆ
ಝಿಂಗುರಿ ದುಬೆ, ಕಂಪನಿ ಸರ್ಕಾರದ ಸಿಪಾಯಿ, ನನ್ನ ಗಂಡ.
ಎಡಗಾಲಲ್ಲಿ ಮೂರು ಬೆರಳಿಲ್ಲ.
ಹಿಮ ತಿಂದಿತಂತೆ.
ಹಿಮ ಅಂದರೇನು, ಕೇಳಿದಳು ಮಗಳು, ಹತ್ತು ಮಾರು ದೂರ ನಿಂತು.
ಬಿಳೀ ಬೂದಿ, ಅಂದ. ಬೆಂಕಿ ಆಮೇಲೆ ಗೊತ್ತಾಗುತ್ತೆ.

ಮುತ್ತುಗದೆಲೆ ಇಟ್ಟು ಹಿಂದೆ ಸರಿದು
ಮೇಲಿನಿಂದ ಸುರಿಯುತ್ತೇನೆ ಬೇಳೆ.
ನೀರೂ ಹಾಗೇ, ಎತ್ತರದಿಂದ, ಬೊಗಸೆಗೆ;
ಅರ್ಧ ಮಣ್ಣಿಗೆ.
ಹದಿನಾಲ್ಕು ವರ್ಷ ಪಲ್ಟಣದ ಜೊತೆ ನಡೆದ
ಅವನ ಹಿತ್ತಾಳೆ ತಂಬಿಗೆ ಎಲ್ಲಿ?
ಯಾವುದೋ ಕಣಿವೆಯಲ್ಲಿ ಎರಡು ಹಿಡಿ ಜವೆಗೋಧಿಗೆ ಕೊಟ್ಟನಂತೆ.
ಕೊಂಡವನು ಅದರಲ್ಲಿ ಏನು ಕುಡಿಯುತ್ತಾನೋ ಈಗ.

ಭವಾನಿದೀನ ಮಿಸಿರ ಪಂಚಾಂಗ ಬಿಚ್ಚಿ ಬೆರಳು ಮಡಿಸಿದ:
ಅಟಕ್ ಹೊಳೆ ದಾಟಿದ್ದು ಒಂದು.
ತೊಗಲು ತೊಟ್ಟದ್ದು ಎರಡು.
ಮೂರನೆಯ ಬೆರಳನ್ನೂ ಮಡಿಸಿದ, ಕೆಮ್ಮಿದ,
ಹೆಸರು ಹೇಳಲಿಲ್ಲ.
ಪ್ರಯಾಗದ ಸ್ನಾನ, ಒಂದು ಹಸು, ಇಷ್ಟು ಜನ ಬ್ರಾಹ್ಮಣರಿಗೆ ಪೂರಿ,
ಎಲ್ಲ ಸೇರಿ ಎಂಬತ್ತನಾಲ್ಕು ರೂಪಾಯಿ.
ಸಂಬಳ ತಿಂಗಳಿಗೆ ಏಳು.
ಲೆಕ್ಕ ನನಗೂ ಬರುತ್ತದೆ:
ಒಂದು ವರ್ಷ ಈ ಮನೆಯಲ್ಲಿ ಯಾರೂ ಉಣ್ಣದಿದ್ದರೆ
ಅವನು ಒಳಗೆ ಬಂದು ಉಣ್ಣಬಹುದು.

ಆ ತೊಗಲು ಹಗಲೆಲ್ಲ ಕೊಂಬೆಗೆ ನೇತಾಡುತ್ತದೆ.
ಕಾಗೆ ಉಣ್ಣೆ ಕಿತ್ತು ಗೂಡಿಗೆ ಒಯ್ಯುತ್ತದೆ,
ಕಾಗೆಗೆ ಯಾವ ಮಿಸಿರನೂ ಇಲ್ಲ.
ತೊಡಿ, ಇಲ್ಲವೇ ಸಾಯಿರಿ, ಅಂದನಂತೆ ಸಾಹೇಬ.
ಸುಳ್ಳು ಹೇಳಲಿಲ್ಲ, ಅನ್ನುತ್ತಾನೆ ನನ್ನವನು,
ಆದರೆ ಹೇಳಿದ ರೀತಿ.
ನಮ್ಮ ಓಣಿಯ ಶಿವಾಂಬರ ಪಾಂಡೆ ಅದನ್ನು ಮುಟ್ಟಲಿಲ್ಲ.
ನಾಲ್ಕು ರಾತ್ರಿ ಹತ್ತಿಬಟ್ಟೆಯಲ್ಲೇ ಮಲಗಿದ.
ಐದನೆಯ ಬೆಳಗ್ಗೆ ಎಬ್ಬಿಸಹೋದರೆ
ಜನಿವಾರ ಪುಳ್ಳೆಯ ಹಾಗೆ ಲಟಕ್ಕೆಂದಿತು.
ಅವನ ತಿಥಿಗೆ ಊರೆಲ್ಲ ಉಂಡಿತು.
ಕುಲ ಉಳಿಸಿದ, ಅಂದರು, ಕೈ ತೊಳೆಯುತ್ತಾ.

ಅವನ ಹೆಂಡತಿ ಸುಗಿಯಾ ನಿನ್ನೆ ಬಂದಳು,
ಬೋಳು ಕೈಗಳನ್ನು ಸೆರಗಲ್ಲಿ ಸುತ್ತಿಕೊಂಡು.
ಬೇವಿನತ್ತ ತುಂಬ ಹೊತ್ತು ನೋಡಿದಳು.
ಆಮೇಲೆ ಒಂದೇ ಮಾತು, ನನ್ನನ್ನಲ್ಲ, ಅವನನ್ನು:
ಭಾವಾ, ಆ ತೊಗಲಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತೇ?
ಅವನು ಪಾದದ ಬಟ್ಟೆ ಬಿಚ್ಚಿದ,
ಮತ್ತೆ ಕಟ್ಟಿದ.

ಸಂಜೆಗೆ ಆಚೆ ಊರುಗಳಿಂದ ಮೂವರು ಬಂದರು,
ಅವರೂ ಹೊರಗೆ ಕೂರುವವರೇ.
ಸಿಂಧ್‌ಗೆ ಹೊರಡಿ ಅಂತ ಹುಕುಂ ಆಗಿದೆಯಂತೆ.
ಮತ್ತೆ ಅದೇ ಹೊಳೆ. ಈ ಸಲ ಭತ್ಯೆಯೂ ಇಲ್ಲ.
ಎಲ್ಲೋ ಒಂದು ಪಲ್ಟಣ ಗಂಟುಮೂಟೆ ಕಟ್ಟದೆ
ಕೂತಲ್ಲೇ ಕೂತಿದೆಯಂತೆ.
ಉಂಡ ಮನೆಗೆ ಎರಡು ಬಗೆಯಬಾರದು, ಅಂದ ಅವರಲ್ಲಿ ಮುದುಕ.
ಉಣ್ಣಲು ಯಾವ ಮನೆ ಒಳಗೆ ಬಿಟ್ಟಿದೆ, ಅಂದ ನನ್ನವನು.
ಯಾರೂ ನಗಲಿಲ್ಲ.
ಚಿಲುಮೆ ಕೈಯಿಂದ ಕೈಗೆ ಹೋಯಿತು, ಬಾಯಿಂದ ಬಾಯಿಗೆ.
ಯಾರು ದುಬೆ, ಯಾರು ಅಹೀರ, ಯಾರು ಪಠಾಣ,
ಕತ್ತಲಲ್ಲಿ ಕೆಂಡ ಒಂದೇ ಕಾಣುತ್ತಿತ್ತು.

ನಡುರಾತ್ರಿ. ಬಾವಿಗಟ್ಟೆಯ ಮೇಲೆ ಮಂಜು.
ಅತ್ತೆಯ ಗೊರಕೆ, ಮಗಳ ಕೆಮ್ಮು.
ಬಾಗಿಲು ಸರಿಸಿ ಬರಿಗಾಲಲ್ಲಿ ಹೋದೆ.
ಎಚ್ಚರವೇ ಇದ್ದ. ಬೇಡ, ಅಂದ.
ತೊಗಲಿನ ಅಂಚು ಎತ್ತಿದೆ,
ಹೊಗೆ, ಕುರಿ, ಹಳೆಯ ಗಾಯದ ನಾತ,
ಒಳಗೆ ಹೋದೆ.

ಜಾಗವಿತ್ತು.
ಇನ್ನೊಂದು ಮಗು ಹಿಡಿಸುವಷ್ಟು.
ಆಗ ಅತ್ತ, ಬಂದಮೇಲೆ ಮೊದಲ ಸಲ, ಸದ್ದಿಲ್ಲದೆ.
ಯಾರಿಗಾಗಿ ಅಂತ ನಾನು ಕೇಳಲಿಲ್ಲ.

ಬೆಳಗ್ಗೆ ಅತ್ತೆ ನನ್ನ ಸೆರಗಿನಿಂದ
ಉಣ್ಣೆಯ ಎಳೆಯೊಂದನ್ನು ಬಿಡಿಸಿದಳು.
ಬೆಳಕಿಗೆ ಹಿಡಿದು ನೋಡಿದಳು.
ಒಲೆಗೆ ಹಾಕಿ, ಮೇಲೆ ಬೇಳೆ ಇಟ್ಟಳು.