ಏಳನೆಯ ಕುಡಿಕೆ

ಸಂತೆಯಲ್ಲಿ ತಟ್ಟಿ ತಟ್ಟಿ ಆರಿಸಿದ್ದು ಆರು ಕುಡಿಕೆ.
ಏಳನೆಯದು ದಬ್ ಅಂದಿತು;
ಕೊಸರಿಗಿರಲಿ ಎಂದು ಕೊಟ್ಟಳು ಕುಂಬಾರರ ಚನ್ನಾಜಮ್ಮ.

ಬಣ್ಣ ಕೊಂಡದ್ದಲ್ಲ.
ಅರಸೀಕೆರೆ ಜಂಕ್ಷನ್ನಿನ ಬೋರ್ಡಿಗೆ ಬಳಿದು ಉಳಿದ ಹಳದಿ,
ಗೇಟಿನ ಕಂಬದ ಕೆಂಪು,
ಡಬ್ಬಿಯ ತಳದಲ್ಲಿ ಕೆನೆಗಟ್ಟಿತ್ತು.
ಕಡ್ಡಿಯಲ್ಲಿ ಕೆನೆ ಸರಿಸಿದೆ.

ಮಾವಿನೆಲೆ ಬರೆಯಹೋದೆ, ಮೀನಾಯಿತು.
ಪಕ್ಕದ ಕ್ವಾರ್ಟರ್ಸಿನ ಜುಬೇದಾ ನಕ್ಕು ಅದಕ್ಕೊಂದು ಕಣ್ಣಿಟ್ಟಳು,
ಬೇವಿನ ಹೂವಿರಲಿ ಅಂತ ಸುತ್ತ ಸುಣ್ಣದ ಚುಕ್ಕೆ.

ಒಣಗಲೆಂದು ಜಗಲಿಯ ಅಂಚಿಗೆ ಸಾಲಾಗಿ ಇಟ್ಟೆವು.
ಗೂಡ್ಸು ಹೋಯಿತು,
ಐವತ್ತೆಂಟು ಡಬ್ಬಿ, ಜುಬೇದಾ ಎಣಿಸಿದಳು.
ಜಗಲಿ ನಡುಗಿ ಕುಡಿಕೆಗಳು ಒಂದಕ್ಕೊಂದು ತಾಗಿ
ಕೆಂಪು ಹಳದಿ ಹಂಚಿಕೊಂಡವು.

ಒರೆಸಲಿಲ್ಲ. ನಾಳೆ ಯುಗಾದಿ.
ಆರರಲ್ಲಿ ನೀರು, ಬೇವು, ಒಂದಿಷ್ಟು ಕಾಕಡ.
ಏಳನೆಯದರಲ್ಲಿ ನೀರು ನಿಲ್ಲದು,
ಸುರಿದು ನೋಡಿದೆ.
ಮೀನು ಇರುವುದು
ಅದರ ಮೇಲೇ.