ಒಕ್ಕದ ಹೆಸರನ್ನು ಆರಿಸಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಎದುರು
ಟಯರ್ ಅಂಗಡಿಯ ಮಾಳಿಗೆಯಲ್ಲಿ ಕೂತು
ಹಾಕಿ ಪಂದ್ಯಾಟದ ನೋಂದಣಿ ಪುಟ ಕಟ್ಟುತ್ತಿದ್ದೆ.
ಇನ್ನೂರ ಹನ್ನೆರಡು ಮನೆತನ, ಒಂದೇ ಪಟ್ಟಿ.

ಸುಬೇದಾರ್ ಪಳಂಗಪ್ಪ ಕನ್ನಡಕ ಏರಿಸಿ ನೋಡಿದರು:
ಬೂದು ಪೆಟ್ಟಿಗೆ, ಬೂದು ಅಕ್ಷರ,
ಮೂಲೆಯಲ್ಲೊಂದು ಬಡಕಲು ಬಾಣ.
"ಚಾಯಿ ಇಲ್ಲೆ," ಅಂದರು. "ಇದು ರೇಷನ್ ಕಚೇರಿಯ ಪಟ್ಟಿ.
ಅಂಚಿಗೆ ಚೇಲೆಯ ಕೆಂಪು ಬರಲಿ,
ಬಾಣ ಪೀಚೆಕತ್ತಿಯ ಹಾಗೆ ತುಸು ಬಾಗಲಿ."

ಹೇಗೆ ಹೇಳಲಿ,
ಈ ಸೆಲೆಕ್ಟ್ ಎಂಬುದು ಹೇಳಿದ ಮಾತಿಗೆ ಬಗ್ಗುವ ಜಾತಿಯಲ್ಲ.
ಮೇಲಂಗಿ ತೊಡಿಸಬಹುದು;
ಬಾಯಿ ತೆರೆದಾಗ ಕಾಣುವ ಹಲ್ಲಿಗೆ
ಬಣ್ಣ ಬಳಿಯಲು ಬ್ರೌಸರ್ ಬಿಡುವುದಿಲ್ಲ.

ಎಲ್ಲರೂ ಮಾಡುವ ಕಳ್ಳಕೆಲಸವನ್ನೇ ಮಾಡಿದೆ.
ನಿಜದ ಪಟ್ಟಿಯನ್ನು ಅಡಗಿಸಿಟ್ಟೆ,
ಅದರ ಮೇಲೊಂದು ಡಿವ್, ಡಿವ್ವಿನೊಳಗೆ ಸಾಲು ಸಾಲು ಡಿವ್.
ಮುಟ್ಟಿದರೆ ತೆರೆಯುತ್ತದೆ, ಆಚೆ ಮುಟ್ಟಿದರೆ ಮುಚ್ಚುತ್ತದೆ.
ಇಲ್ಲಿ ಆರಿಸಿದ್ದನ್ನು ಜಾವಾಸ್ಕ್ರಿಪ್ಟ್
ಕೆಳಗಿನ ಕತ್ತಲಿಗೆ ಪಿಸುಗುಟ್ಟಿ ಬರುತ್ತದೆ,
ಅಲ್ಲಿರುವುದು ತಲೆ ಎತ್ತದೆ ಬರೆದುಕೊಳ್ಳುತ್ತದೆ.

ಮೂರು ರಾತ್ರಿ. ಬಾಣ ಬಾಗಿತು. ಕೆಂಪು ಬಂತು.
ಸುಬೇದಾರರು ಬೇಕರಿಯಿಂದ ಪಫ್ಸ್ ತರಿಸಿದರು.

(ನಮ್ಮ ಮನೆ ಆ ಇನ್ನೂರ ಹನ್ನೆರಡರಲ್ಲಿಲ್ಲ.
ಇದೇ ರಸ್ತೆಯ ತುದಿಯಲ್ಲಿ ಬಾಪ ಮೀನು ಮಾರುತ್ತಿದ್ದರು.
ಸರಿಯಾಯಿತೇ ಎಂದು ನೋಡಲು ಪ್ರತಿ ಸಲ
ಯಾರದೋ ಒಕ್ಕ ಒತ್ತಬೇಕಲ್ಲ,
ಒಂದೇ ರಾತ್ರಿ ನಲವತ್ತು ಮನೆಗೆ ಮಗಳಾದೆ.)

ನಾಲ್ಕನೇ ದಿನ ಪೊನ್ನಂಪೇಟೆಯಿಂದ ಫೋನ್. ಬೊಳ್ಳವ್ವ,
ತಂಡಗಳ ಹೆಸರು ತುಂಬಿಸುವವರು.
ಅವರಿಗೆ ಕಣ್ಣು ಕಾಣದು, ಕಂಪ್ಯೂಟರ್ ಓದಿ ಹೇಳುತ್ತದೆ.
"ಚೆಂದ ಮಾಡಿದ್ದೀಯಂತೆ, ಪಳಂಗಪ್ಪ ಹೇಳಿದ.
ಹಳೆಯದರಲ್ಲಿ 'ಮ' ಒತ್ತಿದರೆ ಮಕಾರದ ಮನೆಗಳು ಸಿಗುತ್ತಿದ್ದವು,
ಕೆಳಬಾಣ ಒತ್ತಿ ಒಂದೊಂದೇ ಅಂಗಳ ಇಳಿಯುತ್ತಿದ್ದೆ.
ಈಗ ಇಲ್ಲೊಂದು ಬಾಗಿಲಿದೆ ಅಂತಲೂ
ಯಾರೂ ಹೇಳುವುದಿಲ್ಲವಲ್ಲ, ಕೂಸೇ?"

ಮೌಸ್ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದೆ.
ಟ್ಯಾಬ್: ಹೆಸರು. ಟ್ಯಾಬ್: ಊರು.
ಟ್ಯಾಬ್: ಸಲ್ಲಿಸಿ.
ನಡುವೆ ಇನ್ನೂರ ಹನ್ನೆರಡು ಮನೆ ದಾಟಿಹೋಗಿದ್ದೆ,
ಒಂದು ನಾಯಿಯೂ ಬೊಗಳಲಿಲ್ಲ.

ಮತ್ತೆ ಕೂತು ಆ ಡಿವ್ವಿಗೆ ಪಾಠ ಹೇಳಿದೆ:
ನೀನು ಪಟ್ಟಿ, ಹಾಗಂತ ಹೇಳು.
ತೆರೆದಾಗ ತೆರೆದೆ ಅನ್ನು.
ಬಾಣಕ್ಕೆ ಇಳಿ, ಅಕ್ಷರಕ್ಕೆ ಹಾರು,
ಎಸ್ಕೇಪ್ ಒತ್ತಿದರೆ ಜಗಳವಿಲ್ಲದೆ ಮುಚ್ಚು.
ಕೆಳಗೆ ಬಿದ್ದಿದ್ದ ಬೂದು ಪೆಟ್ಟಿಗೆಗೆ
ಇದೆಲ್ಲ ಹುಟ್ಟಿನಿಂದಲೇ ಗೊತ್ತಿತ್ತು.

ಸಂಜೆ ಫೋನಿನಲ್ಲಿ ಕೀಲಿಗಳ ಸದ್ದು. ಟಕ್. ಟಕ್.
"ಇಳಿಯುತ್ತಿದ್ದೇನೆ," ಅಂದರು ಬೊಳ್ಳವ್ವ. ಬಹಳ ಹೊತ್ತು ಇಳಿದರು.
"ಕಡೆಗೆ 'ಪರೀಕ್ಷೆ' ಅಂತ ಒಂದು ಮನೆ ಬಂತಲ್ಲ,
ಇನ್ನೂರ ಹದಿಮೂರನೆಯದು. ಇದು ಯಾರ ಒಕ್ಕ?"

ನನ್ನದು, ಅಂದೆ.
ನಾಳೆ ಅಳಿಸುತ್ತೇನೆ.